ಅವ್ವಮ್ಮನ ಗುಡ್ಡ

"ಹಗ್ಗ ಸಡ್ಲ ಆಗ್ಯಾದ ನೋಡು, ಬಿಗಿ ಕಟ್ಟು."

ತಲೆಯ ಮೇಲೆ ಇಟ್ಟಿಗೆ ಹೊತ್ತು ಏಣಿ ಹತ್ತುತ್ತಿದ್ದ ಯಮನವ್ವ ಮೇಲಿದ್ದ ಗಂಡನಿಗೆ ಹೀಗೆ ಕೂಗಿ ಹೇಳಿದ್ದೇ, ಕೆಳಗೆ ನಿಂತಿದ್ದ ಹೆಂಗಸೊಬ್ಬರು ತಲೆಯೆತ್ತಿ ನೋಡಿದರು. ಮನೆ ಕಟ್ಟಿಸುತ್ತಿದ್ದ ಮಾಲಕರ ತಂಗಿ ಅವರು. ಯಮನವ್ವ ಬರಿಗೈಲಿ ಇಳಿದು ಬರುವವರೆಗೂ ಕಾದು ನಿಂತರು.

"ಯಾವ ಕಡಿಯವರವಾ ನೀವು?"

ಪುಣೆಯ ಅಂಚಿನ ಕೊಂಢವಾ ಎಂಬ ಆ ಊರಿನ ಬಯಲಿನಲ್ಲಿ ಆಗಿನ್ನೂ ಮನೆಗಳಿಗಿಂತ ಹೊಲಗಳೇ ಹೆಚ್ಚು. ಊರಿನ ಗೌಳಿಗರ ಮರಾಠಿ, ಕೂಲಿಗೆ ಹಚ್ಚುವ ಮುಕಾದಮನ ಹಿಂದಿ ಬಿಟ್ಟರೆ ಬೇರೆ ಮಾತು ಕಿವಿಗೆ ಬೀಳುತ್ತಿರಲಿಲ್ಲ. ಇಸ್ತ್ರಿ ಮಾಡಿದ ಸೀರೆ, ಕನ್ನಡಕ, ಹೆಗಲಲ್ಲಿ ಚೀಲ ಹಾಕಿಕೊಂಡ ಹೆಂಗಸೊಬ್ಬರು ತನ್ನ ಮಾತಿನಲ್ಲಿ ಮಾತಾಡಿಸುತ್ತಾರೆಂದು ಯಮನವ್ವ ಎಣಿಸಿಯೇ ಇರಲಿಲ್ಲ.

"ಸುರಪುರ ಕಡಿಯೋರ್ರಿ ಬಾಯಾರ," ಎಂದಳು, ಸೆರಗಿನಿಂದ ಮುಖದ ಧೂಳು ಒರೆಸಿಕೊಳ್ಳುತ್ತ.

"ನಾವು ಧಾರವಾಡದವರು. ಇಲ್ಲಿಗೆ ಬರೂಕಿಂತ ಮೊದಲು ಎಲ್ಲಿದ್ರಿ?"

ಅಷ್ಟರಲ್ಲಿ ಗಂಡ ಕಾಶಪ್ಪ ಇಳಿದು ಬಂದಿದ್ದ. ಅವನೇ ಉತ್ತರ ಕೊಟ್ಟ. "ಇಂದಾಪುರ ಕಡೆ ಇದ್ವಿರಿ. ಭೀಮಿ ಡ್ಯಾಮಿಗೆ ಕಲ್ಲು ಒಡದೀವಿ, ಮುರುಮ ಮಣ್ಣು ಹೊತ್ತೀವಿ. ಡ್ಯಾಮ್ ತುಂಬಿತು, ಕೆಲಸ ತೀರಿತು, ಇಲ್ಲಿ ಬಂದ್ವಿ."

ಹೆಂಗಸಿನ ಮುಖ ಅರಳಿತು. ಅವರ ಹೆಸರು ಇಂದೂಬಾಯಿ. ಪುಣೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದರು. ಅವರ ಗಂಡ ಮಧುಕರ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮಾಸ್ತರರು. ಇಬ್ಬರೂ ನಾಲ್ಕು ಜನ ಸ್ನೇಹಿತರನ್ನು ಸೇರಿಸಿಕೊಂಡು ಒಂದು ಸಣ್ಣ ಸಂಸ್ಥೆ ಕಟ್ಟಿದ್ದರು. ಅದೇ ಅಣೆಕಟ್ಟಿನ ಹಿನ್ನೀರಿನಲ್ಲಿ ಒಂದು ಗುಡ್ಡ ಪೂರ್ತಿ ಮುಳುಗದೆ ನಡುಗಡ್ಡೆಯಾಗಿ ನಿಂತಿತ್ತು. ಅಲ್ಲಿ ಎಲ್ಲಿಂದಲೋ ಹಕ್ಕಿಗಳು ಬಂದು ಮೊಟ್ಟೆ ಇಡತೊಡಗಿದ್ದವು. ಆ ನಡುಗಡ್ಡೆಯನ್ನು ಕಾಯಬೇಕು, ನೀರು ಸರಿದ ಮೆಕ್ಕಲು ಮಣ್ಣಿನಲ್ಲಿ ಔಷಧಿ ಹೊಡೆಯದೆ ಬೆಳೆ ತೆಗೆಯಲು ದಂಡೆಯ ರೈತರಿಗೆ ನೆರವಾಗಬೇಕು, ಪುಣೆಯ ಶಾಲೆಯ ಮಕ್ಕಳನ್ನು ಕರೆತಂದು ಇದನ್ನೆಲ್ಲ ತೋರಿಸಬೇಕು ಎಂಬುದು ಅವರ ಆಸೆ. ದಂಡೆಯ ಮೇಲೆ ಎರಡು ಕೋಣೆ ಎದ್ದಿದ್ದವು, ಸಸಿಮಡಿ ಇತ್ತು, ಒಂದು ದೋಣಿಯೂ ಬಂದಿತ್ತು. ಅಲ್ಲೇ ಇದ್ದು ನೋಡಿಕೊಳ್ಳಲು ಒಂದು ಜೋಡಿ ಬೇಕಾಗಿತ್ತು.

"ಕಲ್ಲಿನ ಖಣಿ ಬಾಜೂಕ ಒಂಟಿ ಗುಡ್ಡ ಇತ್ತಲ್ಲ, ನೋಡೀರೇನು? ಅದಽ ಈಗ ನೀರಿನ ನಡುವ ಅದ," ಎಂದರು ಇಂದೂಬಾಯಿ. "ಅವಸರ ಇಲ್ಲ. ಯೋಚನಿ ಮಾಡಿ ಹೇಳ್ರಿ."

"ಬರ್ತೀವ್ರಿ," ಎಂದಳು ಯಮನವ್ವ.

ಕಾಶಪ್ಪ ಅವಳ ಕಡೆ ತಿರುಗಿ ನೋಡಿದ. ಅವಳು ಅವನನ್ನು ನೋಡಲಿಲ್ಲ. ತಗಡಿನ ಗುಡಿಸಲಿಗೆ ಹೋದ ಮೇಲೆ ಅವನು ಒಂದೇ ಮಾತು ಕೇಳಿದ. "ಅಲ್ಲೇ ಹೋಗೂದಾ?"

"ಅಲ್ಲೇ."

ಮುಂದೆ ಅವರಿಬ್ಬರೂ ಆ ವಿಷಯ ಎತ್ತಲಿಲ್ಲ. ಎತ್ತುವ ರೂಢಿಯೂ ಅವರಿಗಿರಲಿಲ್ಲ.

ಅಣೆಕಟ್ಟಿನ ಕೆಲಸ ಇನ್ನೂ ನಡೆದಿದ್ದ ಎಪ್ಪತ್ತಾರನೆಯ ಇಸವಿಯ ಮಳೆಗಾಲ. ಆ ಗುಡ್ಡದ ಬುಡದಲ್ಲಿ ಕಲ್ಲು ಒಡೆಯುವವರ ಗುಡಿಸಲುಗಳ ಸಾಲು ಇತ್ತು. ಯಮನವ್ವನ ಇಬ್ಬರು ಗಂಡುಮಕ್ಕಳು ಊರಲ್ಲಿ ಅತ್ತೆಯ ಹತ್ತಿರ ಬೆಳೆಯುತ್ತಿದ್ದರು. ಎದೆಹಾಲು ಬಿಡದ ಕೂಸು ಅವ್ವಮ್ಮ ಮಾತ್ರ ಜೊತೆಗಿದ್ದಳು. ಕಾಶಪ್ಪನ ತಾಯಿಯ ತಾಯಿಯ ಹೆಸರು ಅದು. ಅಷ್ಟು ಸಣ್ಣ ಮಗುವಿಗೆ ಅಷ್ಟು ಹಿರಿಯ ಹೆಸರು ಇಟ್ಟಿದ್ದಕ್ಕೆ ಗುಡಿಸಲಿನವರೆಲ್ಲ "ಬರ್ರಿ ಅವ್ವಮ್ಮನೋರ, ಕೂಡ್ರಿ" ಎಂದು ಚೇಷ್ಟೆ ಮಾಡುತ್ತಿದ್ದರು. ಮಗುವೂ ಬಂದು ಗಂಭೀರವಾಗಿ ಕೂಡುತ್ತಿತ್ತು. ಆ ಮಳೆಗಾಲ ವಾಂತಿಭೇದಿ ಹತ್ತಿತು. ಮೂರನೆಯ ದಿನ ಇಂದಾಪುರಕ್ಕೆ ಒಯ್ಯಲು ಲಾರಿ ಸಿಗುವ ಹೊತ್ತಿಗೆ ಮಗು ಯಮನವ್ವನ ಮಡಿಲಲ್ಲೇ ತಣ್ಣಗಾಗಿತ್ತು.

ಗುಡ್ಡದ ಇಳಿಜಾರಿನಲ್ಲಿ ಒಂದು ಜಾಲಿಗಿಡದ ಕೆಳಗೆ ಕಾಶಪ್ಪನೇ ಕುಣಿ ತೋಡಿದ. ನರಿ ಕೆದರಬಾರದೆಂದು ಮೇಲೆ ಕಲ್ಲು ಪೇರಿಸಿದ. ಗುರುತಿಗೆ ಯಮನವ್ವ ತನ್ನ ಒಡೆದ ಬೀಸುವ ಕಲ್ಲಿನ ಅರ್ಧ ಹೋಳು ತಂದು ನಿಲ್ಲಿಸಿದಳು. ಮಾರನೆಯ ದಿನ ಇಬ್ಬರೂ ಮುರುಮ ಹೊರಲು ಹೋದರು. ತಾವು ಹೊರುತ್ತಿರುವ ಮಣ್ಣೇ ಒಂದು ದಿನ ನೀರನ್ನು ತಡೆದು ಆ ಇಳಿಜಾರಿಗೆ ತಂದು ನಿಲ್ಲಿಸುತ್ತದೆಂಬುದು ಅವರ ತಲೆಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಏನು ಮಾಡುತ್ತಿದ್ದರು?

ಹಿನ್ನೀರಿನ ದಂಡೆಗೆ ಬಂದ ಮೊದಲ ದಿನ ಯಮನವ್ವನಿಗೆ ಗುಡ್ಡದ ಗುರುತೇ ಹತ್ತಲಿಲ್ಲ. ನೀರು ಅರ್ಧ ಗುಡ್ಡವನ್ನು ನುಂಗಿತ್ತು. ದಂಡೆಯ ಜನ ಅದನ್ನು ಮರಾಠಿಯಲ್ಲಿ 'ಬೇಟ' ಅನ್ನುತ್ತಿದ್ದರು, ಅಂದರೆ ನಡುಗಡ್ಡೆ. ಅವಳು ಮಾತ್ರ ಕೊನೆಯವರೆಗೂ ಗುಡ್ಡವೆಂದೇ ಕರೆದಳು. ಜಾಲಿಗಿಡ ಕಾಣಲಿಲ್ಲ. ಅದು ಇದ್ದ ಇಳಿಜಾರು ನೀರಿನ ಕೆಳಗಿತ್ತು.

ಬೇಸಿಗೆಗೆ ನೀರು ಇಳಿಯುತ್ತದೆ, ಇಳಿಜಾರು ಬಯಲಾಗುತ್ತದೆ ಎಂದು ಅವಳು ಸಮಾಧಾನ ಮಾಡಿಕೊಂಡಳು. ಶಿವರಾತ್ರಿ ಮುಗಿಯಿತು, ನೀರು ಇಳಿಯತೊಡಗಿತು. ಆಗಲೇ ಮಧುಕರ ಎಲ್ಲರನ್ನೂ ಕೂಡಿಸಿ ಕಟ್ಟುನಿಟ್ಟಾಗಿ ಹೇಳಿದರು: ಇನ್ನು ಮಳೆ ಬರುವವರೆಗೆ ಗುಡ್ಡದ ಮೇಲೆ ಒಬ್ಬರೂ ಕಾಲಿಡಕೂಡದು. ನೀರು ಬಿಟ್ಟುಕೊಟ್ಟ ಆ ಬರಿನೆಲವೇ ರೀವ ಹಕ್ಕಿಗಳ ಹೆರಿಗೆಮನೆ. ಬೆಳ್ಳಗಿನ ಮೈ, ಕರಿಯ ಟೊಪ್ಪಿಗೆ ಹಾಕಿದಂಥ ತಲೆ, ಕತ್ತರಿಯಂಥ ಬಾಲದ ಆ ಹಕ್ಕಿ ಗೂಡು ಕಟ್ಟುವುದಿಲ್ಲ. ಮಣ್ಣಿನಲ್ಲಿ ಒಂದು ತಗ್ಗು ಮಾಡಿ ಕಲ್ಲುಹರಳಿನ ಬಣ್ಣದ ಮೊಟ್ಟೆ ಇಟ್ಟು ಬಿಸಿಲಿನಲ್ಲಿ ಅದಕ್ಕೆ ನೆರಳಾಗಿ ಕೂಡುತ್ತದೆ. ಮನುಷ್ಯರನ್ನು ಕಂಡು ತಾಯಿ ಎದ್ದು ಹಾರಿದರೆ, ಚೈತ್ರ ವೈಶಾಖದ ಆ ಬಿಸಿಲಿಗೆ ಮೊಟ್ಟೆ ನೋಡನೋಡುತ್ತ ಬೆಂದುಹೋಗುತ್ತದೆ.

ಯಮನವ್ವನಿಗೆ ಆಗ ಪೂರ್ತಿ ತಿಳಿಯಿತು. ಹೋಗಬಹುದಾದ ತಿಂಗಳುಗಳಲ್ಲಿ ಅವ್ವಮ್ಮ ನೀರಿನ ಕೆಳಗಿರುತ್ತಾಳೆ. ಅವ್ವಮ್ಮ ನೀರಿನಿಂದ ಹೊರಗೆ ಬಂದಾಗ ಹೋಗುವ ಹಾಗಿಲ್ಲ.

ಅವಳು ಯಾರಿಗೂ ಏನೂ ಹೇಳಲಿಲ್ಲ. ಸಸಿಗಳಿಗೆ ನೀರು ಹಾಕಿದಳು. ಕಾಶಪ್ಪ ಮೆಕ್ಕಲಿನಲ್ಲಿ ಸೌತೆ, ಕಲ್ಲಂಗಡಿ ಹಾಕಿ ದಂಡೆಯ ರೈತರಿಗೆ ಬೇವಿನ ಹಿಂಡಿಯ ಉಪಯೋಗ ತೋರಿಸಿದ. ಎಸ್‌ಟಿ ಬಸ್ಸಿನಲ್ಲಿ ಪುಣೆಯ ಮಕ್ಕಳು ಬಂದಾಗ ಯಮನವ್ವ ಜೋಳದ ರೊಟ್ಟಿ, ಝುಣಕ ಮಾಡಿ ಹಾಕಿದಳು. ಮಧುಕರ ದಂಡೆಯ ಮೇಲೆ ಮೂರು ಕಾಲಿನ ದುರ್ಬೀನು ನಿಲ್ಲಿಸಿ ಮಕ್ಕಳಿಗೆ ಹಕ್ಕಿ ತೋರಿಸುತ್ತಿದ್ದರು. ಒಂದು ಸಂಜೆ ಅವರು, "ಯಮನವ್ವಾ, ನೀನೂ ನೋಡು ಬಾ," ಎಂದು ಕರೆದರು.

ಅವಳು ಕಣ್ಣಿಟ್ಟಳು. ಮೊದಲು ಬರೀ ಬೆಳಕು. ಆಮೇಲೆ ನೀರಿನ ಅಂಚು, ಒದ್ದೆ ಮಣ್ಣು, ಕೂತ ಹಕ್ಕಿಗಳು. ಮಧುಕರ ಅದನ್ನು ನಿಧಾನವಾಗಿ ಹೊರಳಿಸುತ್ತಿದ್ದರು. "ಸ್ವಲ್ಪ ನಿಂದರ್ರಿ ಸರ," ಎಂದಳು. ಮಣ್ಣಿನಲ್ಲಿ ಅರ್ಧ ಹೂತ ಒಂದು ಕಲ್ಲು, ಅರ್ಧಚಂದ್ರದ ಆಕಾರ, ನೆಟ್ಟಗಿನ ಅಂಚಿನ ನಡುವೆ ಗೂಟ ಹಾಕುವ ತೂತಿನ ಅರ್ಧ. ಅವಳ ಬೀಸುವ ಕಲ್ಲು. ಅದರ ಮಗ್ಗುಲಿಗೆ ಒಂದು ಹಕ್ಕಿ ರೆಕ್ಕೆ ಸಡಿಲಿಸಿ ಕೂತಿತ್ತು.

"ಕಂಡವೇನು?" ಎಂದು ಕೇಳಿದರು ಮಧುಕರ.

"ಕಂಡ್ವುರಿ."

ಅಂದಿನಿಂದ ದಿನಾ ಕೆಲಸ ಮುಗಿದ ಮೇಲೆ ಅವಳು ದುರ್ಬೀನಿನ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಯಮನವ್ವನಿಗೆ ಹಕ್ಕಿಯ ಹುಚ್ಚು ಹತ್ತಿದೆ ಎಂದು ಮಧುಕರ ಎಲ್ಲರ ಮುಂದೆ ಹೆಮ್ಮೆಯಿಂದ ಹೇಳಿಕೊಂಡರು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಕಲ್ಲನ್ನು ನೋಡುತ್ತ ನೋಡುತ್ತ ಅವಳು ಆ ಹಕ್ಕಿಯನ್ನೂ ನೋಡಿದಳು. ಅದು ಹಾರಿಹೋಗಿ, ಹೊಟ್ಟೆಯ ಪುಕ್ಕ ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಯನ್ನು ತಂಪು ಮಾಡುವುದನ್ನು ಕಂಡಳು. ವರ್ಷ ಕಳೆದು ಇನ್ನೊಂದು ಬೇಸಿಗೆ ಬಂದಾಗ ಕಲ್ಲು ಮತ್ತೆ ಕಂಡಿತು. ಹಕ್ಕಿಗಳೂ ಬಂದಿದ್ದವು.

ಆ ವರ್ಷ ದಂಡೆಯ ಅಪ್ಪಾಸಾಹೇಬ ಎಂಬ ರೈತ ಬಂದು ಕೂತ. ನೀರಿಗೆ ಹೊಲ ಕಳೆದುಕೊಂಡವನು. ಬೇಟದ ಸುತ್ತಲಿನ ಮೆಕ್ಕಲು ಬಹಳ ಫಲವತ್ತಾದದ್ದು, ತನಗೊಬ್ಬನಿಗೆ ಒಂದು ತುಂಡಿನಲ್ಲಿ ಕಲ್ಲಂಗಡಿ ಹಾಕಲು ಬಿಡಿ ಎಂದು ಮರಾಠಿಯಲ್ಲಿ ಕೇಳಿಕೊಂಡ. ಮಧುಕರ ಅವನಿಗೆ ದಂಡೆಯ ಮೆಕ್ಕಲಿನಲ್ಲಿ ಬಿತ್ತಲು ಬೀಜ ಕೊಡುವುದಾಗಿ, ತಾವೇ ಬಂದು ನೆರವಿಗೆ ನಿಲ್ಲುವುದಾಗಿ ಹೇಳಿದರು. ಆದರೆ ಗುಡ್ಡದ ಮಾತಿಗೆ, "ಒಬ್ಬರಿಗೂ ಇಲ್ಲ, ಅಪ್ಪಾಸಾಹೇಬ. ನನ್ನ ಸ್ವಂತ ತಮ್ಮ ಬಂದರೂ ಇಲ್ಲ," ಎಂದರು. ಚಹಾ ಕೊಡಲು ಬಂದ ಯಮನವ್ವ ಅದನ್ನು ಕೇಳಿ ಒಳಗೆ ಹೋದಳು.

ವಿಷಯ ಹೊರಬಿದ್ದದ್ದು ಒಬ್ಬ ಹುಡುಗಿಯಿಂದ. ಎಂಬತ್ತೈದರ ಬೇಸಿಗೆಯಲ್ಲಿ ಶಾಲೆಯ ಮಕ್ಕಳು ಬಂದಿದ್ದರು. ತಾಯಿಹಕ್ಕಿ ಹೊಟ್ಟೆ ತೋಯಿಸಿಕೊಂಡು ಬರುವುದನ್ನು ಯಮನವ್ವ ತನ್ನ ಹರಕುಮುರುಕು ಮರಾಠಿಯಲ್ಲಿ ವಿವರಿಸುತ್ತಿದ್ದಾಗ ಒಬ್ಬಳು ಕೇಳಿದಳು, "ನಿಮಗೆ ಮಕ್ಕಳಿದ್ದಾರಾ?"

"ಇದ್ದಾರ. ಇಬ್ಬರು ಊರಲ್ಲಿ," ಎಂದಳು ಯಮನವ್ವ. ಒಂದು ಕ್ಷಣ ಬಿಟ್ಟು, "ಒಬ್ಬಳು ಇಲ್ಲೇ," ಎಂದಳು.

ಹುಡುಗಿ ಸುತ್ತಲೂ ನೋಡಿದಳು. ಹಿಂದೆ ನಿಂತಿದ್ದ ಇಂದೂಬಾಯಿಯೂ ನೋಡಿದರು. ಮಕ್ಕಳ ಬಸ್ಸು ಹೋದ ಮೇಲೆ ಒಲೆಯ ಹತ್ತಿರ ಬಂದು ಕೂತರು.

"ಇಲ್ಲೇ ಅಂದ್ರ ಎಲ್ಲಿ, ಯಮನವ್ವಾ?"

ಯಮನವ್ವ ಬೂದಿಯಲ್ಲಿ ಪಾತ್ರೆ ತಿಕ್ಕುತ್ತಲೇ ಎಲ್ಲ ಹೇಳಿದಳು. ಮಾಮೂಲಿ ದನಿಯಲ್ಲಿಯೇ ಹೇಳಿದಳು. ಅಳು ಬಂದದ್ದು ಇಂದೂಬಾಯಿಗೆ.

"ಇಷ್ಟು ವರ್ಷ ಯಾಕ ಹೇಳಲಿಲ್ಲ ನೀ?"

"ಹೇಳಿದ್ರ ಸರಗ ತ್ರಾಸ ಆಗ್ತದಂತ ಬಾಯಾರ. ಬಿಡಾಕೂ ಬರೂದಿಲ್ಲ, ಬ್ಯಾಡ ಅನ್ನಾಕೂ ಬರೂದಿಲ್ಲ."

ಇಂದೂಬಾಯಿ ಎದ್ದು ಪಕ್ಕದ ಕೋಣೆಯಲ್ಲಿದ್ದ ಮಧುಕರರ ಹತ್ತಿರ ಹೋದರು. ಗೋಡೆ ತೆಳುವಾದದ್ದು. ಯಮನವ್ವನಿಗೆ ಎಲ್ಲ ಕೇಳುತ್ತಿತ್ತು.

"ಒಂದು ಸಂಜಿ. ಬಿಸಲು ಇಳದ ಮ್ಯಾಲೆ ಅರ್ಧ ತಾಸು ಹೋಗಿ ಬರ್ಲಿ. ಆಕಿ ತಾಯಿ ಇದ್ದಾಳ್ರಿ."

"ಅಲ್ಲಿ ಕೂತಾವೂ ತಾಯಿಗೋಳೇ ಇಂದೂ," ಎಂದರು ಮಧುಕರ. "ಅಪ್ಪಾಸಾಹೇಬಗ ಏನ್ ಹೇಳ್ಲಿ ನಾನು? ಅವನ ಹೊಲ ಹೋಗ್ಯಾದ. ಅವನೂ ಸುಮ್ಮನ ಬಂದು ಕೇಳಿದವನಲ್ಲ. ಇಂದು ಈಕಿ ಹೋದ್ರ ನಾಳೆ ಅವ ಹೋಗ್ತಾನ, ಅವನ ಹಿಂದ ನೇಗಿಲಾ ಹೋಗ್ತದ."

ಸ್ವಲ್ಪ ಹೊತ್ತಿಗೆ ಅವರೇ ಹೊರಗೆ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತರು. ನೆಲ ನೋಡುತ್ತ ಮಾತಾಡಿದರು. "ಯಮನವ್ವಾ, ಮರಿ ಹಾರಿದ ಮ್ಯಾಲೆ, ಹೊಸ ನೀರು ಬರೂಕಿಂತ ಮೊದಲು ನಾಕು ದಿನ ಸಿಗ್ತಾವ. ಆವಾಗ ನಾನಽ ನಿನ್ನ ಕರಕೊಂಡು ಹೋಗ್ತೀನಿ. ನಡೀತದೇನು?"

"ನಡೀತದ್ರಿ ಸರ."

ಅಂದಿನಿಂದ ಯಮನವ್ವನ ಕೈಗೆ ಹೊಸ ಕೆಲಸ ಸಿಕ್ಕಿತು. ಇಂದೂಬಾಯಿ ತಂದುಕೊಟ್ಟ ಬಣ್ಣದ ಬಟ್ಟೆಯ ಚೂರುಗಳನ್ನು ಜೋಡಿಸಿ ಕುಂಚಿಗೆ ಹೊಲಿಯತೊಡಗಿದಳು. ಕೂಸುಗಳ ತಲೆಗೆ ಹಾಕಿ ಬೆನ್ನ ಮೇಲೆ ಇಳಿಬಿಡುವ ಕುಂಚಿಗೆ. ಅವ್ವಮ್ಮ ಹೋದಾಗ ಅವಳ ತಲೆಯ ಮೇಲೆ ಒಂದು ಹಳೆಯ ಪಂಚೆಯ ತುಂಡು ಬಿಟ್ಟು ಏನೂ ಇರಲಿಲ್ಲ.

ಆದರೆ ಆ ವರ್ಷ ಮೇಲಿನ ಘಟ್ಟದಲ್ಲಿ ಮಳೆ ಬೇಗ ಬಿತ್ತು. ಮರಿಗಳಿಗೆ ಇನ್ನೂ ರೆಕ್ಕೆ ಬಲಿತಿರಲಿಲ್ಲ. ತಡವಾಗಿ ಇಟ್ಟ ಮೊಟ್ಟೆಗಳು ಒಡೆದೇ ಇರಲಿಲ್ಲ. ಭೀಮೆ ಕೆಂಪಾಗಿ ಬಂದಳು. ದಂಡೆಯ ಮೇಲೆ ಎಲ್ಲರೂ ನಿಂತು ನೋಡುತ್ತಿದ್ದ ಹಾಗೆ ನೀರು ಗುಡ್ಡದ ಅಂಚನ್ನು ಏರಿತು. ಹಕ್ಕಿಗಳು ಒಟ್ಟಿಗೆ ಎದ್ದು ನೀರಿನ ಮೇಲೆ ಸುತ್ತುತ್ತ, ಕಿರುಚುತ್ತ, ತಮ್ಮ ತಮ್ಮ ಜಾಗಕ್ಕೆ ಇಳಿಯಲು ಹೋಗಿ ಮತ್ತೆ ಏಳುತ್ತ ಸಂಜೆಯವರೆಗೂ ಹಾರಿದವು. ಮಧುಕರ ಕೆಸರಿನಲ್ಲೇ ಕೂತುಬಿಟ್ಟಿದ್ದರು. ಯಮನವ್ವ ಚಹಾ ತಂದು ಕೈಗೆ ಕೊಟ್ಟಳು.

"ಈ ವರ್ಷ ಆಗಲಿಲ್ಲ, ಯಮನವ್ವಾ," ಎಂದರು ಅವರು.

"ಅವಕ್ಕೂ ಆಗ್ಲಿಲ್ರಿ," ಎಂದಳು ಅವಳು.

ಮತ್ತೊಂದು ವರ್ಷ ಕಾದರು. ಎಂಬತ್ತಾರರಲ್ಲಿ ಎಲ್ಲವೂ ಅಂದುಕೊಂಡ ಹಾಗೆ ನಡೆಯಿತು. ಮರಿಗಳು ಬಲಿತು ಹಾರಿದವು. ಆಕಾಶದಲ್ಲಿ ಮೋಡವಿತ್ತು, ಹೊಳೆಗೆ ಹೊಸ ನೀರು ಬಂದಿರಲಿಲ್ಲ. ಒಂದು ಬೆಳಿಗ್ಗೆ ಮಧುಕರ ಬಂದು, "ನಡೀರಿ," ಎಂದರು. ಯಮನವ್ವ ಮೈತೊಳೆದುಕೊಂಡು, ಗೋಧಿಯ ಸಜ್ಜಕ ಮಾಡಿ ಡಬ್ಬಿಗೆ ಹಾಕಿಕೊಂಡು, ಕುಂಚಿಗೆಯನ್ನು ಮಡಿಚಿ ಸೆರಗಿನೊಳಗೆ ಇಟ್ಟುಕೊಂಡು ದೋಣಿ ಹತ್ತಿದಳು. ಕಾಶಪ್ಪ ಹುಟ್ಟು ಹಾಕಿದ. ಇಂದೂಬಾಯಿ ಯಮನವ್ವನ ಪಕ್ಕಕ್ಕೆ ಕೂತರು.

ದೋಣಿ ಮುಟ್ಟಿದ್ದೇ ಯಮನವ್ವ ಇಳಿದು ನೇರವಾಗಿ ಕಲ್ಲಿನ ಹತ್ತಿರ ಹೋದಳು. ಅವಳದೇ ಕಲ್ಲು, ಸಂಶಯವಿರಲಿಲ್ಲ. ಕೈಯಿಟ್ಟು ಒರೆಸಿದಳು. ಸುತ್ತ ಮೊಟ್ಟೆಯ ಚಿಪ್ಪಿನ ಚೂರುಗಳು ಬಿದ್ದಿದ್ದವು. ಅವಳು ಕೂರಲು ಹೋಗಿ ನಿಂತಳು. ಜಾಲಿಗಿಡದ ಬೊಡ್ಡೆ ಎಲ್ಲಿ? ಅದು ತಲೆಯ ಕಡೆ ಇರಬೇಕಿತ್ತು, ಕೈಯಳತೆಯಲ್ಲಿ.

ಕಾಶಪ್ಪ ಆಗಲೇ ಮೇಲೆ ನೋಡುತ್ತಿದ್ದ. ಅವರು ನಿಂತಲ್ಲಿಂದ ಸ್ವಲ್ಪ ದೂರ ಮೇಲೆ, ಆಳೆತ್ತರದ ಕಡಿದಾದ ದರೆ. ಅದರ ಅಂಚಿನಲ್ಲಿ ಕರ್ರಗಿನ ಬೊಡ್ಡೆ. ಅರ್ಧ ಬೇರು ಮಣ್ಣಿನಲ್ಲಿ, ಅರ್ಧ ಬೇರು ಗಾಳಿಯಲ್ಲಿ ಜೋತುಬಿದ್ದಿತ್ತು. ಬೊಡ್ಡೆಯ ಮುಂದೆ ಇರಬೇಕಾದ ನೆಲವೇ ಇರಲಿಲ್ಲ. ವರ್ಷ ವರ್ಷವೂ ನೀರು ಏರಿ ಇಳಿದು, ತೆರೆ ಬಡಿದು ಬಡಿದು, ಆ ಇಳಿಜಾರನ್ನು ಕೊರೆದು ಒಯ್ದಿತ್ತು. ಭಾರದ ಕಲ್ಲು ಕುಸಿದು ಕೆಳಗೆ ಬಂದು ನಿಂತಿತ್ತು. ಹಗುರಾದದ್ದು ಹೊಳೆಯ ಪಾಲಾಗಿತ್ತು.

"ಇಲ್ಲಿ ಅಲ್ಲ," ಎಂದ ಕಾಶಪ್ಪ. ದರೆಯ ಕಡೆ ಕೈ ತೋರಿಸಿ, "ಅಲ್ಲಿತ್ತು," ಎಂದ.

ಯಮನವ್ವ ದರೆಯನ್ನು ನೋಡಿದಳು, ಕಲ್ಲನ್ನು ನೋಡಿದಳು. ಇಷ್ಟು ಬೇಸಿಗೆ ತಾನು ಕಣ್ಣಿಟ್ಟು ನೋಡಿದ್ದು ಬರೀ ಕಲ್ಲನ್ನು ಎಂದು ಅವಳಿಗೆ ತಿಳಿಯಿತು. ಮಗಳು ಯಾವಾಗ ಹೋದಳೋ, ಯಾವ ವರ್ಷದ ನೀರಿನಲ್ಲಿ ಹೋದಳೋ. ತಾನು ಈ ದಂಡೆಗೆ ಬರುವ ಮೊದಲೇ ಹೋಗಿದ್ದಿರಬಹುದು.

ಅವಳು ಅಳಲಿಲ್ಲ. ಡಬ್ಬಿಯನ್ನು ಕೆಳಗಿಟ್ಟು, ಕುಂಚಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಳು. ಎಲ್ಲಿಡಬೇಕೆಂದು ಗೊತ್ತಾಗದೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿದಳು. ಇಂದೂಬಾಯಿಗೆ ನೋಡಲಾಗಲಿಲ್ಲ. ಮುಖ ತಿರುಗಿಸಿಕೊಂಡರು.

ಆಗ ಕಾಶಪ್ಪ ಬಂದು ಅವಳ ಕೈಯಿಂದ ಕುಂಚಿಗೆಯನ್ನು ತೆಗೆದುಕೊಂಡ. ಹತ್ತು ವರ್ಷಗಳಲ್ಲಿ ಮಗಳ ಹೆಸರನ್ನು ಒಮ್ಮೆಯೂ ಬಾಯಿಗೆ ತಂದವನಲ್ಲ ಅವನು. ದರೆಗೆ ಕಾಲು ಕೊಟ್ಟು ಹತ್ತಿ, ಬೊಡ್ಡೆಯ ಬೇರುಗಳ ಸಂದಿನಲ್ಲಿ ಕೈಯಿಂದಲೇ ಮಣ್ಣು ತೋಡಿ, ಕುಂಚಿಗೆಯನ್ನು ಅದರೊಳಗೆ ಇಟ್ಟ. ಮೇಲೆ ಮಣ್ಣು ತುಂಬಿ ಅಂಗೈಯಿಂದ ತಟ್ಟಿದ. "ಮಲಕೋ ಅವ್ವಮ್ಮ," ಎಂದ. ಆಮೇಲೆ ಅಲ್ಲೇ ಬೇರಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತ. ಯಮನವ್ವ ದರೆಯ ಕೆಳಗೆ ಬಂದು ನಿಂತು ಅವನ ಪಾದ ಹಿಡಿದುಕೊಂಡಳು. ಅವಳ ಕೈಗೆ ಎಟುಕಿದ್ದು ಅಷ್ಟೇ.

ಹಿಂದಿರುಗುವಾಗ ಮಧುಕರ ಕಲ್ಲಿನ ಹತ್ತಿರ ನಿಂತು ಕೇಳಿದರು. "ಇದನ್ನು ದಂಡಿಗೆ ಒಯ್ಯೋಣೇನು? ಸಸಿಮಡಿ ಹತ್ರ ಒಂದು ಗಿಡದ ಕೆಳಗ ಇಡೋಣ."

"ಬ್ಯಾಡ್ರಿ ಸರ. ಅದರ ಮಗ್ಗಲ ಹಕ್ಕಿ ಕೂಡ್ತಾವು. ಇರ್ಲಿ."

ಆ ಮಳೆಗಾಲವೂ ಆಮೇಲಿನ ಚಳಿಗಾಲವೂ ಯಮನವ್ವ ಕೆಲಸದಲ್ಲಿ ಏನೂ ಕಡಿಮೆ ಮಾಡಲಿಲ್ಲ. ಆದರೆ ದುರ್ಬೀನಿನ ಕಡೆ ಹೋಗುವುದನ್ನು ಬಿಟ್ಟಳು. ಮಕ್ಕಳು ಬಂದಾಗ ರೊಟ್ಟಿ ಬಡಿದು ಒಳಗೇ ಉಳಿಯುತ್ತಿದ್ದಳು. ಸಂಕ್ರಾಂತಿಗೆ ಇಂದೂಬಾಯಿ ಎಳ್ಳುಬೆಲ್ಲ ತಂದಾಗ, "ಬಾಯಾರ, ನಾವು ಹೊಂಟೀವ್ರಿ," ಎಂದಳು.

"ಎಲ್ಲಿಗೆ?"

"ಕೊಂಢವಾಕ್ರಿ. ಅಲ್ಲಿ ಭಾಳ ಬಿಲ್ಡಿಂಗ್ ಎದ್ದಾವಂತ. ಮುಕಾದಮ ಕರದಾನ."

ಇಂದೂಬಾಯಿ ಎಷ್ಟೋ ಹೇಳಿ ನೋಡಿದರು. ಊರಿನಿಂದ ಗಂಡುಮಕ್ಕಳನ್ನು ಕರೆಸು, ಇಲ್ಲೇ ಶಾಲೆಗೆ ಹಾಕೋಣ, ಇನ್ನೊಂದು ಕೋಣೆ ಕಟ್ಟಿಸೋಣ ಎಂದರು. "ನಮ್ಮ ಮ್ಯಾಲೆ ಸಿಟ್ಟೇನು?" ಎಂದೂ ಕೇಳಿದರು.

"ಇಲ್ರಿ ಬಾಯಾರ. ನೀವು, ಸರ ಭಾಳ ಛಲೋ ನೋಡಕೊಂಡ್ರಿ. ಸಿಟ್ಟಿದ್ರ ನಿಮ್ಮ ಮುಂದ ಹಿಂಗ ಕೂತು ಹೇಳ್ತಿದ್ದಿಲ್ಲ." ಯಮನವ್ವ ಹೇಳಲೋ ಬೇಡವೋ ಎನ್ನುವ ಹಾಗೆ ಹೇಳಿದಳು. "ಇಲ್ಲಿ ನಾನು ಹಗಲೆಲ್ಲ ಅಕಿ ಮ್ಯಾಲೆ ಕಣ್ಣಿಟ್ಟು ಕೆಲಸ ಮಾಡ್ತಿದ್ದೆ. ಈಗ ಎತ್ತ ನೋಡಿದ್ರೂ ನೀರು. ಅಷ್ಟು ನೀರಿನಾಗ ಎಲ್ಲಿ ನೋಡ್ಲಿರಿ?"

ಇಂದೂಬಾಯಿ ಎಳ್ಳುಬೆಲ್ಲವನ್ನು ಅವಳ ಕೈಗೆ ಹಾಕಿದರು.

ಹೊರಟ ದಿನ ಇಂದೂಬಾಯಿ, ಮಧುಕರ ಇಬ್ಬರೂ ಇಂದಾಪುರದ ಸ್ಟ್ಯಾಂಡಿನವರೆಗೂ ಬಂದರು. ಮಧುಕರ ಗಂಟುಮೂಟೆಯನ್ನು ತಾವೇ ಎತ್ತಿ ಬಸ್ಸಿನೊಳಗೆ ಇಟ್ಟುಕೊಟ್ಟರು. ಆಮೇಲೆ ಕಾಶಪ್ಪನ ಭುಜ ಮುಟ್ಟಿ ಇಳಿದುಹೋದರು. ಇಂದೂಬಾಯಿ ಬಸ್ಸಿನ ಪಕ್ಕ ನಿಂತು, "ಕೊಂಢವಾಕ ನಾ ಬರ್ತಿರ್ತೀನಿ. ಅಣ್ಣನ ಮನಿ ಅಲ್ಲೇ ಅದ," ಎಂದರು.

"ಬರ್ರಿ ಬಾಯಾರ," ಎಂದಳು ಯಮನವ್ವ.

ಬಸ್ಸು ಹೊರಟಿತು. ಹೆದ್ದಾರಿಯಲ್ಲಿ ಪುಣೆಯ ಕಡೆ ಹೋಗುವಾಗ ಹಿನ್ನೀರು ಬಲಗಡೆ ಬಹಳ ದೂರದವರೆಗೂ ಕಾಣುತ್ತದೆ. ಕಾಶಪ್ಪ ಮೊದಲೇ ಹತ್ತಿ ಬಲಗಡೆಯ ಕಿಟಕಿಯ ಜಾಗ ಹಿಡಿದಿದ್ದ. ಎದ್ದು, "ಬಾ, ಇಲ್ಲಿ ಕೂಡು," ಎಂದ.

"ನೀನೇ ಕೂಡು," ಎಂದಳು ಯಮನವ್ವ. ದಾಟಿ ಹೋಗಿ ಎಡಗಡೆಯ ಸೀಟಿನಲ್ಲಿ, ಮೆಂತ್ಯಪಲ್ಲೆಯ ಹೊರೆ ಇಟ್ಟುಕೊಂಡಿದ್ದ ಒಬ್ಬ ಮುದುಕಿಯ ಪಕ್ಕದಲ್ಲಿ ಕೂತಳು. ಆ ಕಡೆ ಕಬ್ಬಿನ ಹೊಲಗಳಿದ್ದವು.